ನೂರಾ ಹದಿನೇಳನೇ ಸಾಲಿನ ‘ಆಯ್ತು’

ಮಲಕಪ್ಪ ಕಂಪ್ಯೂಟರನ್ನೂ ಬಹುವಚನದಲ್ಲಿ ಮಾತಾಡಿಸುವ ಮನುಷ್ಯ. ಪರದೆ ಅಲ್ಲಾಡದೆ ನಿಂತುಬಿಟ್ಟರೆ "ಯಾಕ್ರೀ, ಸಿಟ್ ಬಂತೇನ್ರೀ?" ಎಂದು ಕೇಳುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಅವನು ಸಿಂದಗಿ ಕಡೆಯವನು. ಪೀಣ್ಯದ ನಮ್ಮ ಪುಟ್ಟ ಕಂಪನಿಗೆ ಬೆಸುಗೆ ಹಾಕುವ ಕೆಲಸಕ್ಕೆ ಬಂದವನು, ಪತ್ರಿಕೆಯೊಂದರ ಜೊತೆ ಪುಕ್ಕಟೆ ಸಿಕ್ಕ ಸಿ.ಡಿ.ಯಿಂದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಲಿತ. ಮಾಲು ಪರೀಕ್ಷಿಸುವ ಹಳೇ ಟೆಸ್ಟರ್ ಸೋಮಪ್ಪ ಕೆಲಸ ಬಿಟ್ಟಾಗ ಆ ಕುರ್ಚಿ ಇವನಿಗೆ ಸಿಕ್ಕಿತು. ಬಾಗಲಗುಂಟೆಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಅವನ ಬಾಡಿಗೆ ರೂಮು.

ನಾನು ಬಿಂದುಶ್ರೀ, ಅಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದೆ. ನಾವು ತಯಾರಿಸುತ್ತಿದ್ದದ್ದು ಒಂದೇ ಸಾಮಾನು, ಪ್ರೆಸ್ ಮೆಷಿನ್ನಿಗೆ ಕೂರಿಸುವ ಡಬ್ಬಿ. ಪ್ರೆಸ್ ಮೆಷಿನ್ ಅಂದರೆ ತಗಡಿನ ಮೇಲೆ ಟನ್ನುಗಟ್ಟಲೆ ಭಾರ ಇಳಿಸಿ ಅದನ್ನು ಬೇಕಾದ ಆಕಾರಕ್ಕೆ ಕತ್ತರಿಸುವ ಯಂತ್ರ. ಆ ಭಾರ ಇಳಿಯಬೇಕಾದರೆ ಎಡಕ್ಕೊಂದು, ಬಲಕ್ಕೊಂದು ಇರುವ ಎರಡು ಗುಂಡಿಗಳನ್ನು ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಬೇಕು. ಆಗ ಕೈ ಒಳಗೆ ಸಿಕ್ಕಿಕೊಳ್ಳುವ ಮಾತೇ ಇಲ್ಲ. ಎರಡೂ ಒತ್ತಿದ್ದಾರೋ ಇಲ್ಲವೋ ಎಂದು ನೋಡಿ ಅಪ್ಪಣೆ ಕೊಡುವುದು ನಮ್ಮ ಡಬ್ಬಿಯ, ಅದರೊಳಗಿನ ಪುಟ್ಟ ಸಾಫ್ಟ್‌ವೇರಿನ ಕೆಲಸ.

೨೦೦೯ರ ಮಾರ್ಚ್‌ನಲ್ಲಿ ಸೊಣ್ಣಪ್ಪನವರ ಪ್ರೆಸ್ ಶಾಪಿನಲ್ಲಿ ಮುನಿಯಕ್ಕನ ಬಲಗೈಯ ಎರಡು ಬೆರಳು ಹೋದವು. ನಮ್ಮ ಡಬ್ಬಿ ಕೂರಿಸಿದ್ದ ಮೆಷಿನ್ನದು. ಮುನಿಯಕ್ಕ ಒಂದೇ ಮಾತು ಹೇಳಿದಳು, "ನಾನು ಒಂದೇ ಗುಂಡಿ ಒತ್ತಿದ್ದು, ಅದ್ ಬಿದ್ಬುಡ್ತು." ಬೇಗ ಬೇಗ ಕೆಲಸ ಸಾಗಲಿ ಅಂತ ಕೆಲವರು ಒಂದು ಗುಂಡಿಗೆ ಮರದ ಚಕ್ಕೆ ಸಿಕ್ಕಿಸಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿ, ಇನ್ನೊಂದನ್ನು ಮಾತ್ರ ಒತ್ತುವುದುಂಟು. ಇವಳೂ ಹಾಗೇ ಮಾಡಿರಬೇಕು ಎಂದರು ಸೊಣ್ಣಪ್ಪ. ಇಲ್ಲ ಎಂದಳು ಅವಳು.

ತೀರ್ಮಾನ ಹೇಳಲು ನಮ್ಮ ಕಂಪನಿಯಿಂದ ಹೋದವನು ಮಲಕಪ್ಪ. ಸಾಮಾನಿನ ಪಟ್ಟಿ ಹಿಡಿದುಕೊಂಡು ನಾನೂ ಜೊತೆಗಿದ್ದೆ. ಬೆಳಗಿನಿಂದ ಓಡುತ್ತಿದ್ದ ಆ ಮೆಷಿನ್ನಿನಲ್ಲಿ ಅವನು ಬರೀ ಬಲಗುಂಡಿಯನ್ನು ಐವತ್ತು ಸಲ ಒತ್ತಿದ, ಬರೀ ಎಡಗುಂಡಿಯನ್ನು ಐವತ್ತು ಸಲ ಒತ್ತಿದ. ಪ್ರೆಸ್ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಿದ್ದ ಮುನಿಯಕ್ಕನ ಎದುರಿಗೇ, ಹದಿನೈದು ಹೆಂಗಸರ ನಡುವೆ, ಅವನು ಹೇಳಿದ:

"ಡಬ್ಬಿ ಸರಿ ಐತ್ರಿ. ನಮ್ಮ ಡಬ್ಬಿ ಸುಳ್ಳ ಹೇಳಂಗಿಲ್ಲ. ಗುಂಡಿಗೆ ಏನಾರ ಸಿಕ್ಕಿಸಿರಬೇಕು."

ಮುನಿಯಕ್ಕನ ಕೆಲಸ ಹೋಯಿತು. ಬಾಗಲಗುಂಟೆಯಲ್ಲಿ ಅವಳಿಗೆ ಚಕ್ಕೆ ಮುನಿಯಕ್ಕ ಎಂದೇ ಹೆಸರು ಬಿತ್ತು. ನಲ್ಲಿ ಹತ್ತಿರ ಆ ಹೆಸರು ಹಿಡಿದು ನಾನೇ ಒಂದೆರಡು ಸಲ ನಕ್ಕಿದ್ದೇನೆ. ಅದನ್ನು ಮುಚ್ಚಿಟ್ಟು ಈ ಕತೆ ಹೇಳಿದರೆ ನನ್ನ ನಾಲಿಗೆಗೇ ನಾಚಿಕೆ.

ಅದೇ ವರ್ಷ ನವೆಂಬರಿನಲ್ಲಿ ದೊಡ್ಡ ಗಿರಾಕಿಯೊಬ್ಬರ ಕಡೆಯ ಆಡಿಟರ್ ಬಂದು, "ನಿಮ್ಮ ಸಾಫ್ಟ್‌ವೇರ್ ದೋಷಗಳ ಲೆಕ್ಕ ಎಲ್ಲಿಡ್ತೀರಿ?" ಎಂದು ಕೇಳಿದರು. ನಮ್ಮ ಮಾಲೀಕರು ಮನು ಸಾರ್ ಹೆಮ್ಮೆಯಿಂದ ಒಂದು ಉದ್ದ ರಿಜಿಸ್ಟರ್ ಎತ್ತಿ ಕೊಟ್ಟರು. ರಟ್ಟಿನ ತುಂಬ ಟೀ ಲೋಟದ ಉಂಗುರಗಳು. ಎಡಗಡೆ ಟೆಸ್ಟರ್ ಕಂಡ ದೋಷ, ಬಲಗಡೆ ಪ್ರೋಗ್ರಾಮರ್ ಶ್ಯಾಮಣ್ಣನವರ ಷರಾ. ಆಡಿಟರ್ ಅದನ್ನು ಎರಡು ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟು, ಇಂಥದ್ದಕ್ಕೆಲ್ಲ ಈಗ ಬಗ್ ಟ್ರ್ಯಾಕರ್ ಎಂಬ ಸಾಫ್ಟ್‌ವೇರ್ ಇದೆ, ಬ್ರೌಸರಿನಲ್ಲೇ ನಡೆಯುತ್ತದೆ, ಹಾಕಿಸಿ ಎಂದರು.

"ನಾ ಹಾಕತೇನ್ರೀ," ಎಂದ ಮಲಕಪ್ಪ.

ಮೆಟ್ಟಿಲ ಕೆಳಗೆ ಪೊರಕೆಗಳ ಪಕ್ಕ ಬಿದ್ದಿದ್ದ ಹಳೇ ಕಂಪ್ಯೂಟರನ್ನು ಒರೆಸಿ ತಂದು ಲಿನಕ್ಸ್ ಹಾಕಿದ. ಅದಕ್ಕೆ ಸರ್ವರ್ ಎಂದು ನಾಮಕರಣವೂ ಆಯಿತು. ಆಮೇಲೆ ವೆಬ್ ಸರ್ವರ್, ಡೇಟಾಬೇಸ್. ಇಷ್ಟು ಸಲೀಸಾಗಿ ನಡೆಯಿತು. ಬಗ್ ಟ್ರ್ಯಾಕರಿನ ಪಾಳಿ ಬಂದಾಗ ಅದು ಹೊಸ ಅಳಿಯನ ಹಾಗೆ ಒಂದಾದ ಮೇಲೊಂದು ಕೇಳತೊಡಗಿತು. ಚೆಕ್ ಮಾಡುವ ಕಮಾಂಡ್ ಕೊಟ್ಟಾಗಲೆಲ್ಲ ಇನ್ನೂ ಇಂತಿಂಥ ಭಾಗ ಬೇಕು ಎಂದು ಪಟ್ಟಿ ಕೊಡುವುದು, ಇವನು ನಮ್ಮ ಬಡಕಲು ಇಂಟರ್ನೆಟ್ಟಿನಲ್ಲಿ ಅವನ್ನು ಇಳಿಸಿ ಹಾಕುವುದು, ಮತ್ತೆ ಚೆಕ್ ಮಾಡುವುದು. ಹೀಗೆ ನಾಲ್ಕು ದಿನ. ಐದನೇ ದಿನ ಪಟ್ಟಿ ಖಾಲಿಯಾಯಿತು. ಬ್ರೌಸರಿನಲ್ಲಿ ತೆರೆದರೆ, ನಿಮಗೆ ಒಳಗೆ ಬರಲು ಅನುಮತಿ ಇಲ್ಲ ಎಂಬ ಒಂದು ಸಾಲು.

"ನಾನ ತಂದ್ ಕೂಡಿಸೇನಿ, ನನಗಽ ಅನುಮತಿ ಇಲ್ಲಂತ ನೋಡ್ರಿ ಬಿಂದು ಮೇಡಂ," ಎಂದ. ಫೈಲುಗಳೆಲ್ಲ ಅವನ ಹೆಸರಲ್ಲಿದ್ದವು, ವೆಬ್ ಸರ್ವರಿಗೆ ಓದುವ ಹಕ್ಕು ಕೊಟ್ಟಿರಲಿಲ್ಲ. ಅದು ಹೊಳೆಯಲು ಇನ್ನೊಂದು ದಿನ ಹಿಡಿಯಿತು. ಶುಕ್ರವಾರ ನನ್ನ ಟೇಬಲ್ಲಿನ ಕಂಪ್ಯೂಟರಿನಲ್ಲೂ ಆ ಪುಟ ತೆರೆದುಕೊಂಡಾಗ ಮನು ಸಾರ್ ಎಲ್ಲರಿಗೂ ಮಸಾಲೆ ದೋಸೆ ತರಿಸಿದರು.

ಉಳಿದದ್ದು ಹಳೇ ರಿಜಿಸ್ಟರಿನ ಇನ್ನೂರ ಹನ್ನೆರಡು ಸಾಲುಗಳನ್ನು ಅದಕ್ಕೆ ತುಂಬುವುದು. ನಾನು ಓದುತ್ತಿದ್ದೆ, ಅವನು ಕುಟ್ಟುತ್ತಿದ್ದ. ಪ್ರತಿ ದೋಷಕ್ಕೂ ಅದು ಸದ್ಯ ಯಾವ ಸ್ಥಿತಿಯಲ್ಲಿದೆ ಎಂದು ಸಾಫ್ಟ್‌ವೇರ್ ಕೇಳುತ್ತಿತ್ತು. ಹೊಸದೋ, ಕೈಗೆತ್ತಿಕೊಂಡಿದ್ದಾರೋ, ಸರಿಪಡಿಸಿ ಮುಚ್ಚಿದ್ದಾರೋ. ಶ್ಯಾಮಣ್ಣನವರ ಷರಾ ಖಾಲಿ ಇದ್ದರೆ ಹೊಸದು. ‘ಆಯ್ತು’ ಎಂದಿದ್ದರೆ ಕ್ಲೋಸ್ಡ್. ನಮಗೆ ಅನುಮಾನವೇ ಬರಲಿಲ್ಲ. ನೂರಾ ನಲವತ್ತು ಸಾಲುಗಳಲ್ಲಿ ‘ಆಯ್ತು’ ಇತ್ತು. ಶನಿವಾರ ಸಂಜೆಗೆ ನೂರಾ ನಲವತ್ತನ್ನೂ ಮುಚ್ಚಿ, ಮುಚ್ಚಿದ ದೋಷಗಳ ಬಗ್ಗೆ ಶ್ಯಾಮಣ್ಣನವರಿಗೆ ಮೇಲ್ ಕಳಿಸುವ ವ್ಯವಸ್ಥೆಯನ್ನೂ ಜೋಡಿಸಿ ಮನೆಗೆ ಹೋದೆವು.

ಸೋಮವಾರ ಬೆಳಿಗ್ಗೆ ಶ್ಯಾಮಣ್ಣನವರು ನಗುತ್ತಾ ನಮ್ಮ ಕಡೆ ಬಂದರು.

"ಏನ್ರೀ ಮಲಕಪ್ಪ, ನಿಮ್ ಸರ್ವರ್ರು ನಂಗೆ ನೂರಾ ನಲವತ್ತು ಮೇಲ್ ಹಾಕೈತೆ. ಇದ್ ಸರಿ ಮಾಡಿದ್ದೀರ, ಅದ್ ಸರಿ ಮಾಡಿದ್ದೀರ ಅಂತ. ಅದ್ರಲ್ಲಿ ಅರ್ಧಕ್ಕೆ ನಾನಿನ್ನೂ ಕೈಯೇ ಹಾಕಿಲ್ಲ ಕಣ್ರೀ."

ಮಲಕಪ್ಪನೂ ನಕ್ಕ. "ನೀವಽ ಆಯ್ತು ಅಂತ ಬರದೀರಲ್ರೀ ಸರ."

"ಆಯ್ತು ಅಂದ್ರೆ ಆಯ್ತು, ನೋಡ್ದೆ ಅಂತ. ಮಾಡೋಣ ಬಿಡಿ ಅಂತ. ಟೀಗೆ ಹೋಗೋಣ್ವಾ ಅಂದ್ರೆ ಆಯ್ತು ಅನ್ನಲ್ವಾ? ಟೀ ಕುಡ್ದಾಯ್ತು ಅಂತಾನಾ ಅರ್ಥ?"

ಮಲಕಪ್ಪನ ನಗು ಹಾಗೇ ನಿಂತುಹೋಯಿತು. ಬಾಯಲ್ಲಿ ಹೇಳಿದರೆ ರಾಗದಲ್ಲೇ ಗೊತ್ತಾಗುತ್ತದೆ, ಇದು ಮುಗಿದ ಆಯ್ತೋ, ಒಪ್ಪಿಕೊಂಡ ಆಯ್ತೋ ಎಂದು. ಕಾಗದದ ಮೇಲೆ ರಾಗ ಎಲ್ಲಿಂದ ಬರಬೇಕು? ಆ ಷರಾ ನೋಡಿಯೇ ನಾನು ಎರಡು ವರ್ಷದಿಂದ ಡಬ್ಬಿಗಳಿಗೆ ಸೀಲು ಹಾಕಿ ಕಳಿಸುತ್ತಿದ್ದೆ.

"ನೂರಾ ಹದಿನೇಳು?" ಎಂದ ಮಲಕಪ್ಪ. ಅವನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

ನಾನು ರಿಜಿಸ್ಟರ್ ತೆರೆದೆ. ಸೋಮಪ್ಪ ಕೆಲಸ ಬಿಡುವ ಹಿಂದಿನ ವಾರ ಬರೆದ ಸಾಲು ಅದು: ಕರೆಂಟ್ ಹೋಗಿ ಬಂದ ಮೇಲೆ, ಮೊದಲನೇ ಏಟು ಒಂದೇ ಗುಂಡಿಗೆ ಬೀಳುತ್ತದೆ. ಪಕ್ಕದಲ್ಲಿ ಶ್ಯಾಮಣ್ಣನವರ ಅಂದವಾದ ಅಕ್ಷರದಲ್ಲಿ ‘ಆಯ್ತು’.

"ಅದೂ ಅಷ್ಟೇ," ಎಂದರು ಶ್ಯಾಮಣ್ಣ. "ಹೊಸ ಸರ್ಕ್ಯೂಟ್ ಕಾರ್ಡ್ ಬಂದ್ಮೇಲೆ ಮಾಡೋಣ ಅಂತ ಬಿಟ್ಟಿದ್ದೆ. ಯಾಕೆ?"

ಮಲಕಪ್ಪ ಮೇಜಿನ ಮೇಲಿದ್ದ ಡಬ್ಬಿಗೆ ತಂತಿ ಜೋಡಿಸಿದ. ಮೊದಲು ಎರಡೂ ಗುಂಡಿ ಒಟ್ಟಿಗೆ ಒತ್ತಿದ; ಆಮೇಲೆ ಒಂದೇ ಗುಂಡಿ ಒತ್ತಿದ, ಏನೂ ಆಗಲಿಲ್ಲ. ಸ್ವಿಚ್ ಆರಿಸಿ ಮತ್ತೆ ಹಾಕಿದ. ಅದೇ ಒಂದು ಗುಂಡಿ ಒತ್ತಿದ. ಒಳಗೆ ಅಪ್ಪಣೆ ಕೊಡುವ ಸ್ವಿಚ್ಚು, ರಿಲೇ, ಟಕ್ ಎಂದಿತು. ಪ್ರೆಸ್ ಮೆಷಿನ್ನಿನಲ್ಲಿ ಆ ಟಕ್ ಅಂದರೆ ಭಾರ ಕೆಳಗಿಳಿಯಿತು ಎಂದರ್ಥ. ಮತ್ತೊಮ್ಮೆ ಒತ್ತಿದ, ಈಗ ಸುಮ್ಮನಿತ್ತು. ಮೊದಲನೇ ಏಟು ಮಾತ್ರ. ಮಾರ್ಚ್‌ನಲ್ಲಿ ನೂರು ಸಲ ಗುಂಡಿ ಒತ್ತಿದ್ದ ಇವನು ಒಂದು ಸಲವೂ ಕರೆಂಟ್ ಆರಿಸಿ ನೋಡಿರಲಿಲ್ಲ. ಯಾಕೆ ನೋಡಬೇಕು, ಹೊರಡುವ ಮೊದಲೇ ಓದಿದ್ದ ನೂರಾ ಹದಿನೇಳನೇ ಸಾಲಿನ ಮುಂದೆ ಆಯ್ತು ಎಂದಿತ್ತಲ್ಲ.

ಶ್ಯಾಮಣ್ಣ ಸ್ಟೂಲು ಎಳೆದುಕೊಂಡು ಕೂತರು. ಮುನಿಯಕ್ಕನ ವಿಷಯ ಅವರಿಗೂ ಗೊತ್ತಿತ್ತು. ಡಬ್ಬಿ ಸರಿಯಿದೆ ಎಂದು ಟೆಸ್ಟರೇ ಹೇಳಿದ ಮೇಲೆ ಅವರೂ ಸುಮ್ಮನಾಗಿದ್ದರು. ನನಗೆ ಅಳು ಬರಲಿಲ್ಲ, ಕೆಟ್ಟ ಸಿಟ್ಟು ಬಂತು. ಆದರೆ ಆ ಸಿಟ್ಟು ಯಾರ ಕಡೆ ತಿರುಗಿಸಿದರೂ ಸುತ್ತಿ ಬಂದು ನನ್ನ ಮುಂದೆಯೇ ನಿಲ್ಲುತ್ತಿತ್ತು.

ಆ ವಾರ ಊರಿನ ಕೈಗಾರಿಕಾ ಪ್ರದೇಶಗಳಲ್ಲೆಲ್ಲ ದಿನಾ ಹನ್ನೊಂದಕ್ಕೆ ಕರೆಂಟ್ ತೆಗೆಯುತ್ತಿದ್ದರು. ಆಗ ಹತ್ತೂ ಇಪ್ಪತ್ತು. ಮನು ಸಾರ್‌ಗೆ ಹೇಳಿದೆವು. ಬೇರೆ ಮಾಲೀಕರಾಗಿದ್ದರೆ ಏನು ಹೇಳುತ್ತಿದ್ದರೋ, ಅವರು ಹೇಳಿದ್ದು, "ಎಲ್ಲಾ ಕಡೆ ಫೋನ್ ಮಾಡ್ರಿ. ಮೆಷಿನ್ ನಿಲ್ಸಕ್ಕೆ ಹೇಳಿ, ಈಗ್ಲೇ." ನಮ್ಮ ಡಬ್ಬಿ ಹನ್ನೊಂದು ಕಡೆ ಇತ್ತು. ಒಂಬತ್ತು ಕಡೆ ನಾನು ಮಾತಾಡಿದೆ. ಹತ್ತಿರದ ಒಂದು ಕಡೆ ಫೋನ್ ಎತ್ತಲಿಲ್ಲ, ಮನು ಸಾರ್ ಬೈಕಿನಲ್ಲೇ ಓಡಿದರು. ಜಿಗಣಿಯವರು ಕೊನೆಗೂ ಎತ್ತಿದಾಗ ಹನ್ನೊಂದಕ್ಕೆ ಐದು ನಿಮಿಷ ಬಾಕಿ ಇತ್ತು.

ಮಲಕಪ್ಪ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಅವನ ಹಿಂದೆ ನಾನೂ ಹೊರಟೆ.

ಮುನಿಯಕ್ಕ ಬಾಗಲಗುಂಟೆಯ ಕಲ್ಯಾಣ ಮಂಟಪವೊಂದರಲ್ಲಿ ಕಸ ಗುಡಿಸುವ ಕೆಲಸ ಹಿಡಿದಿದ್ದಳು. ನಮ್ಮನ್ನು ಕಂಡು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಲಕಪ್ಪ ನಿಂತಲ್ಲೇ ಎಲ್ಲವನ್ನೂ ಹೇಳಿದ, ಒಂದು ಮಾತನ್ನೂ ನುಂಗಲಿಲ್ಲ.

"ಯಕ್ಕಾ, ಅವತ್ತ ಅದಕ್ಕಿಂತ ಮೊದಲ ಕರೆಂಟ್ ಹೋಗಿ ಬಂದಿತ್ತೇನ?"

"ಊಂ. ಆಗ್ತಾನೆ ಬಂದಿತ್ತು. ತಗಡು ಸರಿ ಮಾಡ್ತಿದ್ದೆ, ಎಡಗೈ ಗುಂಡಿಗೆ ತಾಗ್ತು."

"ಅದು ಬೀಳಬಾರದಿತ್ತು. ತಪ್ಪು ನಿಂದಲ್ಲ, ನಮ್ಮದು. ನಾ ಸುಳ್ಳ ಹೇಳಿದಂಗಾತು."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಇಲ್ ಬಂದ್ ನನ್ನೊಬ್ಳಿಗೆ ಏಳಿದ್ರೆ ಏನಣ್ಣ ಬಂತು?" ಎಂದಳು. "ಅವತ್ತು ಎಲ್ರ ಮುಂದೆ ಏಳ್ದೆ. ಇದ್ನೂ ಅಲ್ಲೇ ಬಂದು ಅಂಗೇ ಏಳು."

ಮೂವರೂ ಸೊಣ್ಣಪ್ಪನವರ ಶಾಪಿಗೆ ಹೋದೆವು. ನಮ್ಮ ಫೋನಿನಿಂದಾಗಿ ಆ ಮೆಷಿನ್ ನಿಂತಿತ್ತು. ಸೊಣ್ಣಪ್ಪ ಬಾಗಿಲಿಗೇ ಅಡ್ಡ ಬಂದು, "ಹಳೇ ಕತೆ ಈಗ್ಯಾಕೆ ಗುರು?" ಎಂದರು. ಮಲಕಪ್ಪ ಅವರ ಪಕ್ಕದಿಂದ ನುಸುಳಿ ಒಳಗೆ ಹೋದ. ಕೆಲಸದವರನ್ನೆಲ್ಲ ಕರೆದ. ಎರಡೂ ಗುಂಡಿಗಳನ್ನು ಬಟ್ಟೆಯಿಂದ ಒರೆಸಿ, ಏನೂ ಸಿಕ್ಕಿಸಿಲ್ಲ ಎಂದು ಒಬ್ಬೊಬ್ಬರಿಗೂ ತೋರಿಸಿದ. ಪ್ಯಾಕಿಂಗ್ ಪೆಟ್ಟಿಗೆಯಿಂದ ಕಿತ್ತ ಮರದ ಪಟ್ಟಿಯೊಂದನ್ನು ಪ್ರೆಸ್ ಕೆಳಗಿಟ್ಟ. ಜನರೇಟರ್ ಓಡುತ್ತಿತ್ತು. ಮೆಷಿನ್ನಿನ ಸ್ವಿಚ್ ಆರಿಸಿದ, ಹಾಕಿದ. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಡಗೈಯಲ್ಲಿ ಒಂದೇ ಗುಂಡಿ ಒತ್ತಿದ.

ಭಾರ ಇಳಿಯಿತು. ಮರದ ಪಟ್ಟಿ ಎರಡು ತುಂಡಾಗಿ, ಒಂದು ತುಂಡು ಹೆಂಗಸರ ಕಾಲ ಬಳಿ ಹೋಗಿ ಬಿತ್ತು. ಎಂಟು ತಿಂಗಳಿಂದ ದಿನಾ ಆ ಮೆಷಿನ್ನಿನ ಮುಂದೆ ಕೂರುತ್ತಿದ್ದ ಭಾಗ್ಯಶ್ರೀ ಎಂಬವಳು ತನ್ನೆರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಗೇ ನೆಲದ ಮೇಲೆ ಕೂತುಬಿಟ್ಟಳು.

"ಈಯಕ್ಕ ಚಕ್ಕೆ ಸಿಕ್ಕಿಸಿದ್ದಿಲ್ರೀ," ಎಂದ ಮಲಕಪ್ಪ. "ಅವತ್ತ ನಾ ತಪ್ಪ ಹೇಳಿದೆ."

ಅವರೆಲ್ಲ ಒಬ್ಬೊಬ್ಬರಾಗಿ ತಿರುಗಿ ಮುನಿಯಕ್ಕನ ಕಡೆ ನೋಡಿದರು. ಅವಳು ಗೆದ್ದವಳ ಹಾಗೆ ತಲೆ ಎತ್ತುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ನನ್ನ ಭುಜ ಹಿಡಿದುಕೊಂಡಳು, ಬಲಗೈಯಿಂದಲೇ. ಉಳಿದ ಮೂರು ಬೆರಳು ನನ್ನ ಭುಜಕ್ಕೆ ಊರಿದ್ದವು.

"ರಾತ್ರಿ ಕನ್ಸಲ್ಲಿ ನಾನೇ ಚಕ್ಕೆ ಸಿಕ್ಕಿಸ್ದಂಗೆ ಕಾಣೋದು ಕಣಮ್ಮ," ಎಂದಳು. "ಎಲ್ರೂ ನೀನೇ ನೀನೇ ಅಂತ ಏಳಿ ಏಳಿ, ನಾನೇ ಸಿಕ್ಕಿಸಿದ್ನೇನೋ ಅಂತ ನಂಗೇ ಅನ್ಸಕ್ ಶುರುವಾಗಿತ್ತು."