ಬೇಡ ಅಂದದ್ದಕ್ಕೆ ಬೇಕು ಅಂದೆ

ಸೋತ ಚರ್ಚೆಗಳನ್ನು ನಾನು ಎಲ್ಲರಿಗೂ ನಗುತ್ತಾ ಹೇಳುತ್ತೇನೆ. ಗೆದ್ದ ಈ ಒಂದನ್ನು ಮಾತ್ರ ಮನೆಯಲ್ಲೂ ಹೇಳಿಲ್ಲ.

ಎರಡು ದೇಶಗಳ ನೇಕಾರರನ್ನು ಕೂಡಿಸುವ ಸಣ್ಣದೊಂದು ಕಾರ್ಯಕ್ರಮಕ್ಕೆ ಜಪಾನಿನಿಂದ ಒಬ್ಬ ಹೆಂಗಸು ಬಂದಿದ್ದರು. ನೂಲಿಗೆ ಬಣ್ಣ ಹಾಕುವುದು, ನೇಯುವುದು ಎರಡೂ ಬಲ್ಲವರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಗ್ಲಿಷ್ ಹರಿಸುತ್ತಿದ್ದ ನನ್ನನ್ನು ದುಭಾಷಿಯಾಗಿ ಕರೆದರು. ನನಗೋ, ‘ಪರಂಪರೆ’ ಎಂದು ಯಾರಾದರೂ ಅಂದರೆ ಸಾಕು, ಅದರಲ್ಲಿ ಯಾರ ಸೋಮಾರಿತನ ಅಡಗಿದೆ ಎಂದು ಹುಡುಕುವ ಚಟ.

ಮೊದಲು ಖಾನಾಪುರ. ಅಲ್ಲಿ ಅತಿಥಿ ಜಾಂಬೋಟಿ ಕಡೆಯಿಂದ ತರಿಸಿದ ಅಳಲೆಕಾಯಿ ಕುದಿಸಿ, ನೂಲು ಅದ್ದಿ, ತುಕ್ಕು ಮೊಳೆ ನೆನೆಸಿದ ನೀರಿಗೆ ಇಳಿಸಿದರು. ಹಳದಿ ನೂಲು ನೋಡನೋಡುತ್ತಿದ್ದಂತೆ ಕಪ್ಪಾಯಿತು. ಅದು ರಸಾಯನಶಾಸ್ತ್ರ, ಆದ್ದರಿಂದ ಒಪ್ಪಿಕೊಂಡೆ. ಆ ನೂಲನ್ನು ಶಹಾಪುರದ ಒಬ್ಬ ಹಿರಿಯ ನೇಕಾರ್ತಿಯ, ಎಲ್ಲರೂ ಕಾಕೂ ಎಂದೇ ಕರೆಯುವವರ, ಮಗ್ಗದಲ್ಲಿ ಅವರೂ ಅತಿಥಿಯೂ ಸರದಿಯಂತೆ ಕೂತು ನೇಯಬೇಕು, ಬಟ್ಟೆ ಅತಿಥಿಯ ಜೊತೆ ಜಪಾನಿಗೆ ಹೋಗಬೇಕು. ಉಳಿದದ್ದು ನಾಲ್ಕೇ ದಿನ. ಕಾಕೂ ನೇಯ್ದ ಸೀರೆಗಳು ಊರೂರಿಗೆ ಹೋಗಿದ್ದವು. ಆದರೆ ಇದು ಇಂಥವರ ಕೈಯದು ಎಂದು ಹೇಳಿಸಿಕೊಂಡು ಹೋಗುವ ಬಟ್ಟೆ ಇದೇ ಮೊದಲನೆಯದು.

ನಾವು ಹೋದಾಗ ಮಗ್ಗದ ಮೇಲಿನ ಸೀರೆ ಮುಗಿದಿತ್ತು. ಕಾಕೂ ಅದನ್ನು ಕತ್ತರಿಸಿ ತೆಗೆದರು, ಆದರೆ ಗೇಣುದ್ದದ ಹಳೆಯ ಎಳೆಗಳನ್ನು ಮಗ್ಗದ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳಲ್ಲಿ ಹಾಗೇ ಬಿಟ್ಟರು. ಹೊಸ ಹಾಸು, ಕಪ್ಪು ನೂಲು ಅಡ್ಡ ಹಾಯಬೇಕಾದ ಉದ್ದದ ಎಳೆಗಳು, ಮೂಲೆಯಲ್ಲಿ ಸಿದ್ಧವಾಗಿತ್ತು. ಹಾಗಾದರೆ ಈ ತುಂಡು ಯಾಕೆ ಎಂದು ಕೇಳಿದೆ.

“ಮಗ್ಗ ಬರೀದು ಬಿಡಬಾರ್ದು ತಂಗಿ. ನಮ್ಮ ಅತ್ತಿ ಹಂಗ ಹೇಳ್ಯಾರ.”

“ಬಿಟ್ರ ಏನಾಕ್ಕೈತ್ರೀ ಕಾಕೂ?”

“ಬಿಡಬಾರ್ದು.”

ಇಂಥ ಉತ್ತರ ಸಿಕ್ಕರೆ ನನಗೆ ಹಬ್ಬ. ಅತ್ತೆ ಹೇಳಿದ್ದೆಲ್ಲ ಖರೇನಾ, ಅತ್ತೆಗೆ ಯಾರು ಹೇಳಿದ್ದು, ಬರಿ ಮಗ್ಗದಿಂದ ಯಾರಿಗೆ ಕೇಡಾಗಿದೆ, ಒಬ್ಬರನ್ನು ತೋರಿಸಿ ಎಂದು ಒಂದರ ಮೇಲೊಂದು ಹೇರಿದೆ. ಬಾಗಿಲಲ್ಲಿ ನಿಂತಿದ್ದ ಬಾಜು ಮನೆಯ ಹೆಂಗಸು, ಓದಿದಾಕಿ ಮುಂದ ನಿಂದೇನ ನಡೀತೈತಿ ಎಂದು ಕಾಕೂಗೆ ಕುಟುಕಿದರು. ಕಾಕೂ ಕತ್ತರಿಯನ್ನು ಸೆರಗಿಗೆ ಒರೆಸತೊಡಗಿದರು.

ಅತಿಥಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ: ಮೂಢನಂಬಿಕೆ, ಈ ತುಂಡು ತೆಗೆಯಲು ಹೆದರುತ್ತಾರೆ. ಅವರು ಎಳೆಗಳ ಮೇಲೆ ಅಂಗೈ ಇಟ್ಟು, ಬೇಡ, ಇರಲಿ, ನಮ್ಮಲ್ಲೂ ಬಿಡುತ್ತೇವೆ ಅಂದರು. ಅಂದದ್ದು ಇಷ್ಟೇ. ನನಗೆ ಸ್ಪಷ್ಟವಾಗಿ ಕೇಳಿಸಿತು.

ನಾನು ಕಾಕೂ ಕಡೆ ತಿರುಗಿ ಹೇಳಿದೆ: “ಅವ್ರಿಗೆ ಆ ತುಂಡು ನೆನಪಿಗೆ ಬೇಕಂತ್ರೀ.”

ಯಾಕೆ ಹೇಳಿದೆ? ಗೆಲುವಿಗೆ ಒಂದು ಹೆಜ್ಜೆ ಉಳಿದಿತ್ತು. ಬೇರೆ ಕಾರಣ ಎಷ್ಟು ಹುಡುಕಿದರೂ ಸಿಕ್ಕಿಲ್ಲ.

ಮನೆಗೆ ಬಂದವರು ಕೇಳಿದ್ದಕ್ಕೆ ಇಲ್ಲ ಅನ್ನುವುದು ಹೇಗೆ? ಕಾಕೂ ಹಣಿಗೆಯ ಹಿಂದೆ ಕೈ ಹಾಕಿ ಕತ್ತರಿಸಿ, ತುಂಡನ್ನು ಸರ್ರನೆ ಎಳೆದು, ಎರಡೂ ಕೈಯಿಂದ ಅತಿಥಿಗೆ ಕೊಟ್ಟರು. ಅತಿಥಿ ತೆಗೆದುಕೊಳ್ಳಲಿಲ್ಲ. ಬರಿದಾದ ಹಣಿಗೆಯ ಮುಂದೆ ಕುಕ್ಕರಿಸಿ ಕೂತು ಅದರ ಹಲ್ಲುಗಳ ಮೇಲೆ ಬೆರಳಾಡಿಸಿದರು. ಬೇಕೆಂದವರು ಕೈಚಾಚಲಿಲ್ಲವೇಕೆ ಎಂಬಂತೆ ಕಾಕೂ ಆ ಬೆರಳನ್ನು ನೋಡಿದರು, ಆಮೇಲೆ ನನ್ನನ್ನು.

ಆಮೇಲೆ ನನಗೆ ಹೇಳಿದರು, ಸಿಟ್ಟಿಲ್ಲದೆ: “ಹಳೀ ಎಳಿ ಇದ್ರ ಅದಕ್ಕ ಹೊಸಾದು ಹುರಿ ಮಾಡಿ ಕೂಡಸ್ತಿದ್ದೆ. ಒಂದ ದಿನದ ಕೆಲಸ. ಈಗ ಅಷ್ಟೂ ಎಳಿ ಒಂದೊಂದಾಗಿ ಹಾಯಿಸಬೇಕು. ನನ್ನ ಕಣ್ಣ ಮೊದಲಿನಂಗ ಇಲ್ಲ.”

“ಇದನ್ನ ಮೊದಲ ಯಾಕ ಹೇಳಲಿಲ್ರೀ?”

“ನೀ ಹೇಳಾಕ ಎಲ್ಲಿ ಬಿಟ್ಟಿ?”

ಅಲ್ಲಿಂದಾಚೆ ಇಬ್ಬರೂ ಮಗ್ಗದ ಆಚೆಗೊಬ್ಬರು ಈಚೆಗೊಬ್ಬರು ಕೂತರು. ಒಬ್ಬರು ಎಳೆ ಚಾಚುವುದು, ಇನ್ನೊಬ್ಬರು ಹಲ್ಲಿನೊಳಗಿಂದ ಎಳೆದುಕೊಳ್ಳುವುದು. ಮಾತಿನ ಅಗತ್ಯವೇ ಬೀಳಲಿಲ್ಲ. ನನಗೆ ಚಹಾ ತರುವುದಷ್ಟೇ ಕೆಲಸ. ನಾನೂ ಕೂರಲೇನ್ರೀ ಎಂದು ಒಮ್ಮೆ ಕೇಳಿದೆ. ಎಣಿಕೆ ತಪ್ಪೀತು, ಬ್ಯಾಡ ಅಂದರು ಕಾಕೂ. ನಾಲ್ಕನೆಯ ದಿನದ ಮಧ್ಯಾಹ್ನ ಇನ್ನೂ ಮೂರರಲ್ಲೊಂದು ಪಾಲು ಹಲ್ಲುಗಳು ಖಾಲಿ ಇದ್ದವು. ಕಾರು ಬಂತು.

ಅತಿಥಿ ಕಪ್ಪು ನೂಲಿನ ಲಡಿಗಳನ್ನು ಕಾಕೂ ಮಡಿಲಲ್ಲಿಟ್ಟು, ಅವರಿಗೆ ತಿಳಿಸೆಂದು ನನಗೆ ಹೇಳಿದರು: ನೀವು ಒಬ್ಬರೇ ನೇಯ್ದರೂ ಇದು ನಮ್ಮಿಬ್ಬರದೇ ಬಟ್ಟೆ, ಕಳಿಸಿಕೊಡಿ, ಅಲ್ಲಿ ನಿಮ್ಮ ಹೆಸರು ಹೇಳಿಯೇ ತೋರಿಸುತ್ತೇನೆ. ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ಹೇಳಿದೆ. ಅಷ್ಟು ನಿಯತ್ತಾಗಿ ನಾನು ಯಾವತ್ತೂ ಮಾತಾಡಿದವಳಲ್ಲ.

ಕಾಕೂ ಕೇಳಿಸಿಕೊಂಡರು. ನನ್ನತ್ತ ನೋಡಲಿಲ್ಲ. ನೂಲನ್ನು ಎತ್ತಿ ಹಿಡಿದು, ಅತಿಥಿಯ ಮುಖ ನೋಡಿ, ಹೌದಾ ಎಂಬಂತೆ ಕತ್ತು ಆಡಿಸಿದರು. ಅತಿಥಿ ಹೌದೆಂದು ತಲೆಯಾಡಿಸಿದ ಮೇಲೆಯೇ ಲಡಿಗಳನ್ನು ಸೆರಗಿಗೆ ಹಾಕಿಕೊಂಡರು.