ಅರವತ್ತು ಎಣಿಸುವಷ್ಟರಲ್ಲಿ

ಪುಟ್ಟೀ, ಚಿನ್ನೂ,

ನಿಮ್ಮಮ್ಮನ ಎಡಗಿವಿ ಜ್ವರದಿಂದ ಹೋದದ್ದಲ್ಲ. ಮನೆಯವರೆಲ್ಲ ಹಾಗೆ ಹೇಳಿಕೊಂಡು ಬಂದಿದ್ದೇವೆ, ನಾನೇ ಮೊದಲು ಹೇಳಿದವಳು. ನಿಮ್ಮ ತಾತ ಹೊಡೆದು ಹೋಯಿತು. ಆ ಏಟು ನನಗೆ ಬೀಳಬೇಕಾಗಿತ್ತು. ಬಾಯಲ್ಲಿ ಹೇಳುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ. ಹಾಗಲವಾಡಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ನಾವು ಆಗ ತುಮಕೂರಿನ ಸದಾಶಿವನಗರದಲ್ಲಿದ್ದೆವು. ತಾತ ಔಷಧಿ ಕಂಪನಿಯೊಂದರ ಪ್ರತಿನಿಧಿ. ಕಂಪನಿಯವರು ಅಂಗೈಯಲ್ಲಿ ಹಿಡಿಯುವ ಒಂದು ಕಂಪ್ಯೂಟರ್ ಕೊಟ್ಟಿದ್ದರು. ಬೂದು ಬಣ್ಣದ್ದು, ಕಡ್ಡಿಯಿಂದ ಪರದೆಯ ಮೇಲೆ ಬರೆಯಬೇಕು. ಕೆಲವೇ ವರ್ಷಗಳಲ್ಲಿ ಅದನ್ನು ತಯಾರಿಸುವುದೇ ನಿಂತುಹೋಯಿತು. ಬೇರೆಯವರು ಮೂಲೆಗೆಸೆದರು. ತಾತ ಮತ್ತು ಇನ್ನೂ ಐದಾರು ಜನ ಎಸೆಯಲಿಲ್ಲ. ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಸೇರುತ್ತಿದ್ದರು. ಒಂದು ಕೆಟ್ಟರೆ ಬಿಚ್ಚಿ ಅದರ ಗುಂಡಿ, ಪರದೆ, ತಂತಿಗಳನ್ನು ಉಳಿದವಕ್ಕೆ ಹಾಕುವರು. ಬೆಸುಗೆ ಕೆಲಸವಿದ್ದರೆ ಶಿರಾ ಗೇಟ್‌ನ ಗಡಿಯಾರ ರಿಪೇರಿ ಅಂಗಡಿಗೆ ಓಡುವರು.

ಅವರಲ್ಲಿ ಇಬ್ಬರನ್ನು ನೀವು ತಿಳಿದಿರಬೇಕು. ಒಬ್ಬರು ಗುಬ್ಬಿಯ ಹೈಸ್ಕೂಲ್ ಮೇಷ್ಟ್ರು. ಆ ಕಂಪ್ಯೂಟರಿನಲ್ಲಿ ಕನ್ನಡ ಬರುತ್ತಿರಲಿಲ್ಲ. ಇವರು ಒಂದೊಂದೇ ಅಕ್ಷರವನ್ನು ಚುಕ್ಕೆ ಚುಕ್ಕೆಯಾಗಿ ಕೂಡಿಸಿ ಮಾಡುತ್ತಿದ್ದರು. ಅವರದರ ಪರದೆ ಒಡೆದಿದ್ದರಿಂದ ತಾತನದರಲ್ಲೇ ಮಾಡುತ್ತಿದ್ದರು. ಇನ್ನೊಬ್ಬ ಕುಣಿಗಲ್ಲಿನ ದನದ ಆಸ್ಪತ್ರೆಯ ಕಾಂಪೌಂಡರ್, ನಗೆಗಾರ.

"ಏನ್ ಮೇಷ್ಟ್ರೇ, ನಿಮ್ ಅಕ್ಷರ ನೋಡುದ್ರೆ ಕರು ಹಾಕಕ್ಕೆ ರೆಡಿಯಾಗಿರೋ ಹಸು ಇದ್ದಂಗದೆ!"

"ನಿಂಗೇನಯ್ಯಾ, ಸರಸ್ವತಿ ಬಂದು ನಿಂತ್ರೂ ಬಾಲ ಎತ್ತಿ ನೋಡ್ತೀಯ."

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ನಗುತ್ತಿದ್ದೆ.

ನಗುವಷ್ಟೇ ಇರಲಿಲ್ಲ. ಒಮ್ಮೆ ಒಂದು ಪರದೆಗಾಗಿ ಕಾಂಪೌಂಡರೂ ಇನ್ನೊಬ್ಬನೂ ಕೈ ಮಿಲಾಯಿಸಿ, ಮೂಗಿನ ರಕ್ತ ನನ್ನ ತೊಳೆದ ಹಜಾರದ ಮೇಲೆ ಸುರಿಯಿತು. ಮುಂದಿನ ಭಾನುವಾರ ಇಬ್ಬರೂ ಒಂದೇ ತಟ್ಟೆಯಲ್ಲಿ ಉಪ್ಪಿಟ್ಟು ತಿಂದರು. ತಾತನ ಕೋಪ ಹಾಗೆ ಇಳಿಯುವುದಲ್ಲ. ಕಾಫಿ ಆರಿದ್ದಕ್ಕೆ ಲೋಟ ನನ್ನ ಹಣೆಗೆ ಬರುತ್ತಿತ್ತು. ನನ್ನ ಮುಂಗೈ ಒಮ್ಮೆ ಮುರಿದಿದೆ. ಬಾವಿಕಟ್ಟೆಯಲ್ಲಿ ಜಾರಿದೆ ಎಂದು ತವರಿನಲ್ಲಿ ಹೇಳಿದ್ದೆ.

ಆ ಕಂಪ್ಯೂಟರಿಗೆ ಒಂದು ದೋಷವಿತ್ತು. ಸೆಲ್ಲುಗಳ ಶಕ್ತಿ ಪೂರ್ತಿ ಹೋದರೆ ಒಳಗೆ ನಾವು ಹಾಕಿದ್ದೆಲ್ಲ ಅಳಿಸಿಹೋಗುತ್ತಿತ್ತು. ಸೆಲ್ ಬದಲಿಸುವಾಗ ಒಂದು ನಿಮಿಷ ಮಾತ್ರ ತಡೆದುಕೊಳ್ಳುತ್ತದೆ. ಅದಕ್ಕೆ ಅವರದೊಂದು ಪದ್ಧತಿ. ಸೆಲ್ ತೆಗೆದ ಕೂಡಲೇ ಎಲ್ಲರೂ ಮಾತು ನಿಲ್ಲಿಸಬೇಕು, ಒಬ್ಬರು ಗಟ್ಟಿಯಾಗಿ ಅರವತ್ತರವರೆಗೆ ಎಣಿಸಬೇಕು, ಅಷ್ಟರಲ್ಲಿ ಹೊಸದು ಕೂರಬೇಕು. ಯಾವತ್ತೂ ಹದಿನೈದು ದಾಟಿದ್ದಿಲ್ಲ. ಅರ್ಧ ಮುಗಿದ ಹಳೆಯ ಸೆಲ್ಲುಗಳು ಟಿವಿಯ ರಿಮೋಟಿಗೆ ಹೋಗುತ್ತಿದ್ದವು, ಎರಡಕ್ಕೂ ಒಂದೇ ಅಳತೆ.

ಆ ಭಾನುವಾರ ಮೇಷ್ಟ್ರ ಅಕ್ಷರಗಳು ಮುಗಿದಿದ್ದವು. ನಾಲ್ಕು ತಿಂಗಳ ಕೆಲಸ. ಬೇರೆಲ್ಲೂ ಪ್ರತಿ ಇರಲಿಲ್ಲ. ಅವತ್ತು ಕಂಪ್ಯೂಟರುಗಳನ್ನು ಎದುರುಬದುರು ಹಿಡಿದು ಎಲ್ಲರದಕ್ಕೂ ಕಳುಹಿಸಬೇಕೆಂದಿದ್ದರು. ತಾತ ಬೆಳಿಗ್ಗೆ, "ಸೆಲ್ ಕಮ್ಮಿ ಆಗೈತೆ, ಬದಲಾಯಿಸ್ಬೇಕು" ಎಂದು ಹೇಳಿ ಸ್ನಾನಕ್ಕೆ ಹೋದರು. ಹಿಂದಿನ ದಿನ ಏಟು ತಿಂದಿದ್ದ ನನಗೆ ಅವರನ್ನು ಮೆಚ್ಚಿಸುವ ಆಸೆ. ನೂರು ಸಲ ನೋಡಿದ್ದೆನಲ್ಲ. ಹಿಂಬದಿಯ ಮುಚ್ಚಳ ಸರಿಸಿ ಎರಡೂ ಸೆಲ್ ತೆಗೆದು ರಿಮೋಟಿಗೆ ಹಾಕಿದೆ. ಆಮೇಲೆ ಹೊಸ ಪೊಟ್ಟಣಕ್ಕೆ ಕೈ ಹಾಕಿದೆ. ಅದನ್ನು ಮೊದಲೇ ಬಿಡಿಸಿಟ್ಟುಕೊಳ್ಳಬೇಕೆಂದು ನನಗೆ ಹೊಳೆದಿರಲಿಲ್ಲ. ಅವರು ಯಾವಾಗಲೂ ಬಿಡಿಸಿಟ್ಟುಕೊಂಡೇ ಕೂರುತ್ತಿದ್ದರು. ಕೈಯೆಲ್ಲ ರಾಗಿ ಹಿಟ್ಟು, ಪ್ಲಾಸ್ಟಿಕ್ ಹರಿಯಲಿಲ್ಲ. ಬಾಯಲ್ಲಿ ಎಣಿಸುತ್ತಲೇ ಇದ್ದೆ. ಮೂವತ್ತು, ನಲವತ್ತು. ಹಲ್ಲಿನಿಂದ ಕಚ್ಚಿದೆ. ಅರವತ್ತು ಮುಗಿದು ಎಪ್ಪತ್ತೆರಡಕ್ಕೆ ಹರಿಯಿತು. ಹಳೆಯದನ್ನೇ ರಿಮೋಟಿನಿಂದ ವಾಪಸ್ ತೆಗೆದು ಹಾಕಬಹುದಿತ್ತು ಎಂಬುದು ಆ ಗಾಬರಿಯಲ್ಲಿ ತಲೆಗೇ ಬರಲಿಲ್ಲ.

ಪರದೆ ಹೊಸದರಂತೆ ಬೆಳಗಿತು, ಒಳಗೆ ಏನೂ ಇಲ್ಲ. ನಿಮ್ಮಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏಳನೇ ಕ್ಲಾಸಿನ ಹುಡುಗಿ. ನಾನು ಅದನ್ನು ಇದ್ದಲ್ಲೇ ಇಟ್ಟು ಒಳಗೆ ಹೋಗಿ ಮುದ್ದೆ ತೊಳಸತೊಡಗಿದೆ.

ಎಲ್ಲರೂ ಬಂದು ಕೂತ ಮೇಲೆ ತಾತ ಅದನ್ನು ತೆರೆದರು. ಅಕ್ಷರಗಳಿರಲಿಲ್ಲ. ಮೇಷ್ಟ್ರು "ಅಯ್ಯೋ" ಎಂದರು. ನಿಮ್ಮಮ್ಮ ಆಗಷ್ಟೇ ಟಿವಿ ಹಾಕಲು ರಿಮೋಟ್ ಕೈಗೆತ್ತಿಕೊಂಡಿದ್ದಳು. ತಾತ ಅದನ್ನು ಕಿತ್ತು ಹಿಂದೆ ತೆರೆದು ನೋಡಿದರು, ಒಳಗೆ ಕಂಪ್ಯೂಟರಿನ ಸೆಲ್ಲುಗಳೇ ಇದ್ದವು.

"ಯಾರೇ ಕಿತ್ತಿದ್ದು? ನೀನೇನೇ?"

ಅವಳು ಅಡುಗೆಮನೆಯ ಕಡೆ ತಿರುಗಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಮಾತಾಡಲಿಲ್ಲ. ಅವಳು, "ಹೂಂ ಅಪ್ಪಾ, ನಾನೇ" ಎಂದಳು.

ಮೊದಲ ಏಟಿಗೇ ಗೋಡೆಗೆ ಬಡಿದಳು. ತಾತ ಜುಟ್ಟು ಹಿಡಿದು ಎತ್ತಿ ಎಡಗೆನ್ನೆಗೇ ಹೊಡೆದರು, ಮತ್ತೆ ಅಲ್ಲಿಗೇ, ಮತ್ತೆ ಅಲ್ಲಿಗೇ. ಬಿದ್ದವಳನ್ನು ಒದ್ದರು.

"ಬುಡಿ ಸಾರ್! ಮಗು ಕಣ್ರೀ! ಅಕ್ಷರ ಹೋದ್ರೆ ಹೋಯ್ತು!" ಎಂದು ಮೇಷ್ಟ್ರು ಅಡ್ಡ ಬಂದರು. ಅವರಿಗೂ ಮೊಣಕೈ ಬಿದ್ದು ಕನ್ನಡಕ ಒಡೆಯಿತು. ಕಾಂಪೌಂಡರ್ ತಾತನ ಸೊಂಟಕ್ಕೆ ತೆಕ್ಕೆ ಹಾಕಿ ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತ. "ದನಕ್ಕೂ ಹಿಂಗ್ ಹೊಡಿಯಲ್ಲ ಕಣ್ಲಾ ಬಡ್ಡಿಮಗನೇ!" ಎನ್ನುತ್ತ ಅವನೂ ಗುದ್ದಿದ. ಪರರು ಅಡ್ಡ ಬಂದರು, ಹೆತ್ತವಳು ಬರಲಿಲ್ಲ. ಸೌಟು ನನ್ನ ಕೈಯಲ್ಲೇ ಇತ್ತು. ಅವಳ ಕಿವಿಯಿಂದ ರಕ್ತ ಇಳಿದು ಲಂಗದ ಮೇಲೆ ಬೀಳುತ್ತಿತ್ತು.

ಡಾಕ್ಟರಿಗೆ ಮೆಟ್ಟಿಲಿನಿಂದ ಬಿದ್ದಳೆಂದೆ. ಕಿವಿಯ ತಮಟೆ ಹರಿದಿದೆ, ಒಳಗೂ ಪೆಟ್ಟಾಗಿದೆ ಎಂದರು. ವಾಪಸ್ ಬರುವಾಗ ಆಟೋದಲ್ಲಿ ನನ್ನ ತೊಡೆಯ ಮೇಲೆ ಮಲಗಿ ಅವಳು, "ನಿಂಗ್ ಹೊಡೆದಿದ್ರೆ ನೀನ್ ಸತ್ತೋಗ್ತಿದ್ದೆ ಕಣಮ್ಮಾ" ಎಂದಳು. ನಾನು "ಸುಮ್ನಿರು, ಡ್ರೈವರ್ ಕೇಳಿಸ್ಕೊಂತಾನೆ" ಎಂದೆ. ಅವಳಿಗೆ ಅವತ್ತು ನಾನು ಹೇಳಿದ್ದು ಅಷ್ಟೇ.

ಭಾನುವಾರದ ಆ ಸಂಘ ಮತ್ತೆ ನಮ್ಮ ಮನೆಗೆ ಬರಲಿಲ್ಲ, ಕುಣಿಗಲ್ಲಿಗೆ ಹೋಯಿತು. ಮೇಷ್ಟ್ರು ಮೂರೇ ತಿಂಗಳಲ್ಲಿ ಅಕ್ಷರಗಳನ್ನೆಲ್ಲ ಹೊಸದಾಗಿ ಮಾಡಿದರಂತೆ, ಮೊದಲಿಗಿಂತ ಚೆನ್ನಾಗಿ. ತಾತನನ್ನು ಯಾರೂ ಕರೆಯಲಿಲ್ಲ. ಅವರು ಒಬ್ಬರೇ ಆ ಖಾಲಿ ಕಂಪ್ಯೂಟರ್ ಹಿಡಿದು ಕೂರುತ್ತಿದ್ದರು, ಸಿಟ್ಟು ಬಂದಾಗ ನನ್ನನ್ನು ಹೊಡೆಯುತ್ತಿದ್ದರು. ಆ ಏಟುಗಳನ್ನು ತಿನ್ನುವಾಗ ನನಗೆ ಒಂದು ಥರ ಸಮಾಧಾನವಾಗುತ್ತಿತ್ತು ಎಂದರೆ ನೀವು ನಂಬುತ್ತೀರೋ ಇಲ್ಲವೋ.

ಅವರು ತೀರಿಕೊಂಡ ಹದಿಮೂರನೆಯ ದಿನ ಮೇಷ್ಟ್ರು ಬಂದಿದ್ದರು. ಮೊದಲ ಸಲ ನಾನು ಬಾಗಿಲ ಮುಂದೆ ಬಂದು ಪರಗಂಡಸಿನ ಮುಖ ನೋಡಿ ಮಾತಾಡಿದೆ. "ಸೆಲ್ ತೆಗೆದಿದ್ದು ನಾನು ಮೇಷ್ಟ್ರೇ."

ಅವರು, "ನಂಗ್ಯಾಕಮ್ಮಾ ಹೇಳ್ತೀರ? ಅವಳಿಗೆ ಹೇಳಿ" ಎಂದು ಎದ್ದು ಹೋದರು.

ಇನ್ನೂ ಹೇಳಿಲ್ಲ. ಅವಳಿಗೆ ಎಲ್ಲ ಗೊತ್ತು. ನಾನು ತಪ್ಪಾಯಿತು ಎಂದಿಲ್ಲ ಎಂಬುದೂ ಗೊತ್ತು. ಅವಳೆದುರು ನಿಂತರೆ ಇವತ್ತಿಗೂ ನನ್ನ ನಾಲಿಗೆ ಏಳುವುದಿಲ್ಲ. ಈ ಹಾಳೆಗಳು ನಿಮ್ಮಲ್ಲಿರಲಿ. ನಾನಿರುವಾಗಲೇ ಒಂದು ದಿನ ನಾನಾಗಿ ಕೇಳಿ ಪಡೆದು ಅವಳ ಕೈಗೆ ಕೊಡಬೇಕೆಂದಿದ್ದೇನೆ. ಕೇಳದೆಯೇ ನಾನು ತೀರಿಕೊಂಡರೆ ನೀವೇ ಕೊಡಿ. ಅಲ್ಲಿಯವರೆಗೆ ಹರಿಯದಂತೆ, ನೆನೆಯದಂತೆ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.