ಹೊರಳಿಸಿದ ಚೀಲ

ಚೀಲದ ಹೊಲಿಗೆಯ ಅಂಚುಗಳು ಹೊರಗಿದ್ದವು. ಹಳದಿ ಬಟ್ಟೆ, ಒಂದು ಹಿಡಿಗೆ ಹಸಿರು ದಾರದ ತೇಪೆ. ಗಿರಿಜಾ ಅವರು ಬಂದಾಗಲೆಲ್ಲ ಕಾಗದಪತ್ರಗಳನ್ನು ಅದರಲ್ಲೇ ತರುತ್ತಿದ್ದರು. ನಾನು ನೋಡಿಯೂ ನೋಡಿರಲಿಲ್ಲ.

ಆಗ ನಾನು ನಾಗರಬಾವಿಯ ಸಣ್ಣ ಟ್ರೇಡ್‌ಮಾರ್ಕ್ ಕಚೇರಿಯೊಂದರಲ್ಲಿ ಕಿರಿಯ ವಕೀಲೆ, ಸೇರಿ ಮೂರನೇ ವರ್ಷ. ಗಿರಿಜಾ ಹಾವೇರಿ ಕಡೆಯವರು. ವಿಜಯನಗರದ ಮನೆಯ ಹಿಂದಿನ ಶೆಡ್‌ನಲ್ಲಿ ಮೂರು ಒಲೆ ಹೂಡಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾರಲು ಶುರುಮಾಡಿ, ‘ಮೂರೊಲೆ’ ಎಂದು ಹೆಸರಿಟ್ಟಿದ್ದರು. ಮೈದುನನ ಹೆಂಡತಿ ಶ್ವೇತಾ ಮನೆಗೆ ಬಂದ ಮೇಲೆ ವೆಬ್‌ಸೈಟ್ ಮಾಡಿದರು. ಡೊಮೇನನ್ನು, ಅಂದರೆ ಸೈಟಿನ ವಿಳಾಸವನ್ನು, ತಮ್ಮ ಹೆಸರಿನಲ್ಲೇ ನೋಂದಾಯಿಸಿದರು. ಓರಗಿತ್ತಿಯರು ಜಗಳವಾಡಿ ಬೇರೆಯಾದಾಗ ಶ್ವೇತಾ ಚಂದ್ರಾ ಲೇಔಟ್‌ನಲ್ಲಿ ಸ್ವಂತ ರೊಟ್ಟಿ ಕೇಂದ್ರ ತೆರೆದು ಆ ವಿಳಾಸವನ್ನೂ ಒಯ್ದರು. ‘ಮೂರೊಲೆ’ ಎಂದು ಹುಡುಕಿದವರ ಆರ್ಡರ್‌ಗಳೆಲ್ಲ ಅಲ್ಲಿಗೆ ಹೋಗತೊಡಗಿದವು. ವಿಳಾಸ ವಾಪಸ್ ಬರದಿದ್ದರೆ ಗಿರಿಜಾ ಶೆಡ್ ಮುಚ್ಚಬೇಕಿತ್ತು.

ಫೈಲು ನನಗೆ ಬಂದ ದಿನ ಅವರು ನನ್ನೆದುರೇ ನಮ್ಮ ಹಿರಿಯ ವಕೀಲರನ್ನು ಕೇಳಿದರು: “ಸಾಹೇಬ್ರ, ಇಷ್ಟು ದೊಡ್ಡ ಕೇಸು ಈ ಕೂಸಿನ ಕೈಗೆ ಕೊಟ್ರೇನು?” ನಾನು ಫೈಲು ತೆರೆದೆ.

‘.ಇನ್’ ವಿಳಾಸಗಳ ವಿವಾದವನ್ನು ಕೋರ್ಟಿಗೆ ಒಯ್ಯದೆ ಆರ್ಬಿಟ್ರೇಟರ್, ಅಂದರೆ ಮಧ್ಯಸ್ಥರ, ಮುಂದೆ ಇಡಬಹುದು. ವಿಳಾಸ ತಮ್ಮ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ಎದುರಾಳಿಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ನೋಂದಣಿ ಅಥವಾ ಬಳಕೆಯಲ್ಲಿ ದುರುದ್ದೇಶವಿದೆ ಎಂದು ದೂರುದಾರರು ತೋರಿಸಬೇಕು.

ಶ್ವೇತಾರ ಉತ್ತರ ಬಲವಾಗಿತ್ತು. ಹೆಸರು ತನ್ನದೇ ಯೋಚನೆ ಎಂದು ಬರೆದು, ಗಿರಿಜಾರ ಟ್ರೇಡ್‌ಮಾರ್ಕ್ ಅರ್ಜಿಯನ್ನೇ ಲಗತ್ತಿಸಿದ್ದರು. ಅದು ಡೊಮೇನ್ ನೋಂದಣಿಯ ನಂತರದ್ದು. ಹಳೆಯ ಬಳಕೆಗೆ ಸಾಕ್ಷಿ ಹುಡುಕುವ ತಾಪತ್ರಯ ಬೇಡವೆಂದು, ಅರ್ಜಿ ತುಂಬಿದ ಏಜೆಂಟ್ ‘ಪ್ರಪೋಸ್ಡ್ ಟು ಬಿ ಯೂಸ್ಡ್’ ಎಂದು ನಮೂದಿಸಿದ್ದ. ಅಂದರೆ ಹೆಸರು ಇನ್ನೂ ಬಳಕೆಗೆ ಬಂದಿಲ್ಲ. ವರ್ಷಗಳ ವ್ಯಾಪಾರವನ್ನು ಅವರದೇ ಅರ್ಜಿ ಅಲ್ಲಗಳೆದಿತ್ತು.

ಹೆಸರು ಅಚ್ಚಾದ ಹಳೆಯ ವಸ್ತು ಏನಾದರೂ ಇದೆಯೇ ಎಂದು ಗಿರಿಜಾರನ್ನು ಕೇಳಿದೆ. ಆ ದಿನಗಳಲ್ಲಿ ಬರೀ ಪ್ಲಾಸ್ಟಿಕ್ ಕವರ್, ಏನೂ ಇಲ್ಲ ಎಂದು ರೇಗಿದರು. ಖಾಲಿ ಚೀಲ ಮೇಜಿನ ಮೇಲಿತ್ತು. ಕಿಟಕಿಯ ಬೆಳಕಿನಲ್ಲಿ ಬಟ್ಟೆಯೊಳಗಿಂದ ಅಕ್ಷರಗಳು ತಿರುಗುಮುರುಗಾಗಿ ಕಂಡವು. ನಾನು ಕೈಚಾಚಿದೆ.

“ಅದನ್ಯಾಕ್ರಿ ನೋಡ್ತೀರಿ? ಅಕಿ ಹೆಸರು ಐತಿ. ಕಣ್ಣಿಗೆ ಬೀಳಬಾರದು ಅಂತ ಹೊರಳಿಸಿ ಇಟ್ಟೀನಿ.”

ಹೊರಳಿಸಿ ನೋಡಿದೆ. ಅದು ಶ್ವೇತಾರದೇ ಮದುವೆಯ ತಾಂಬೂಲದ ಚೀಲ. ವಧೂವರರ ಹೆಸರು, ದಿನಾಂಕ. ಕೆಳಗೆ, ‘ಶುಭ ಕೋರುವವರು: ಮೂರೊಲೆ ರೊಟ್ಟಿ, ವಿಜಯನಗರ’. ಅಚ್ಚು ಹಾಕಿಸಿದವರು ಗಿರಿಜಾ. ಡೊಮೇನ್ ನೋಂದಣಿಗಿಂತ ಎರಡು ವರ್ಷ ಮೊದಲು.

ಅದರ ಫೋಟೊ, ಅಚ್ಚು ಹಾಕಿದವನ ಅಫಿಡವಿಟ್ ಎರಡನ್ನೂ ಸಲ್ಲಿಸಿದೆ. ಆರ್ಬಿಟ್ರೇಟರ್ ಒಂದು ವಿಡಿಯೊ ವಿಚಾರಣೆ ಕರೆದರು. ಶ್ವೇತಾ ನೇರವಾಗಿ ಹೇಳಿದರು: “ಸಾರ್, ಆ ಸೈಟ್‌ಗೆ ಒಂದು ಫೋಟೊ ಅವ್ರು ತೆಗ್ದಿಲ್ಲ, ಒಂದು ಆರ್ಡರ್ ಅವ್ರು ಟೈಪ್ ಮಾಡಿಲ್ಲ.” ಅದು ಸುಳ್ಳಾಗಿರಲಿಲ್ಲ. ನಾನು ಚೀಲವನ್ನು ಸರಿಮಗ್ಗುಲಿಗೆ ತಿರುಗಿಸಿ ಕ್ಯಾಮೆರಾಗೆ ಹಿಡಿದೆ.

ಶ್ವೇತಾ ಅದನ್ನು ನೋಡಿ ನಕ್ಕರು. “ನನ್ನ ಮದುವೆ ಚೀಲದಲ್ಲಿ ಇನ್ನೂ ತರಕಾರಿ ತರ್ತಾ ಇದೀರಾ ಅಕ್ಕ?”

“ಚೀಲ ಗಟ್ಟಿ ಐತಿ,” ಎಂದರು ಗಿರಿಜಾ. “ಮಂದಿ ಗಟ್ಟಿ ಇರಲಿಲ್ಲ.”

ಇಬ್ಬರೂ ಮೈಕ್ ಮ್ಯೂಟ್ ಮಾಡಬೇಕೆಂದು ಆರ್ಬಿಟ್ರೇಟರ್ ಸೂಚಿಸಿದರು.

ಮದುವೆಯ ದಿನವೇ ಕೈಯಲ್ಲಿದ್ದ ಹೆಸರನ್ನು ತನ್ನ ಯೋಚನೆ ಎನ್ನಲಾಗದು, ಆ ಹೆಸರನ್ನು ಹುಡುಕಿ ಬಂದವರನ್ನು ತನ್ನ ವ್ಯಾಪಾರಕ್ಕೆ ತಿರುಗಿಸಿದ್ದು ದುರುದ್ದೇಶ ಎಂದು ಆದೇಶವಾಯಿತು. ವಿಳಾಸ ಗಿರಿಜಾರಿಗೆ ಬಂತು. ಕಚೇರಿಗೆ ಬಂದು ಆದೇಶದ ಪ್ರತಿ ಪಡೆದರು. ಸೈಟಿನಲ್ಲಿ ಶ್ವೇತಾರ ಕೈ ಕಾಣುವ ಫೋಟೊಗಳನ್ನೂ ಅಳಿಸಬೇಕೆಂದು ಹಿರಿಯರಿಗೆ ಹೇಳಿದರು. ಹೊರಡುವ ಮುಂಚೆ ಚೀಲವನ್ನು ಮತ್ತೆ ಒಳಹೊರಗು ಮಾಡಿ, ಅದರಲ್ಲಿ ಆದೇಶವನ್ನಿಟ್ಟುಕೊಂಡರು.

ಕಕ್ಷಿದಾರರು ಸಾಕ್ಷಿಯನ್ನು ಕಳೆದುಕೊಳ್ಳುವುದು ಮರೆವಿನಿಂದಷ್ಟೇ ಅಲ್ಲ. ಮರುದಿನ ಬೆಳಿಗ್ಗೆ, ಹೊಸದಾಗಿ ಬಂದ ಕಕ್ಷಿದಾರರಿಗೆ ನಾವು ಕೇಳುವ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿದೆ: ‘ಈ ಹೆಸರಿರುವ ಯಾವ ವಸ್ತುವನ್ನು ನೋಡಲು ನಿಮಗೆ ಇಷ್ಟವಿಲ್ಲ?’ ಇದು ವಕೀಲರು ಕೇಳುವ ಪ್ರಶ್ನೆಯಲ್ಲ, ತೆಗೆಯಿರಿ ಎಂದರು ಹಿರಿಯರು. ತೆಗೆಯಲಿಲ್ಲ.